ಭಾನುವಾರದ ಊಟಕ್ಕೆ ಇಬ್ಬರಲ್ಲಿ ಒಬ್ಬರು

ಬಾಗಿಲು ತೆರೆದವಳು ಅವನ ಅಮ್ಮನಲ್ಲ. ಅಮ್ಮನ ಏಪ್ರನ್ ಕಟ್ಟಿಕೊಂಡಿದ್ದ ಸೊಲೀನ್!

ಎರಡು ವರ್ಷದ ಹಿಂದೆ ತಾನು ಬಿಟ್ಟು ಹೋದ ಹುಡುಗಿ ತನ್ನದೇ ಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿದ್ದರೆ ಯಾವ ಗಂಡಸಿಗೆ ತಾನೇ ಮೈ ಉರಿಯುವುದಿಲ್ಲ? ಕ್ಲೋವಿಸ್‌ನ ಕೈಯಲ್ಲಿದ್ದ ಕೇಕಿನ ಡಬ್ಬಿ ಓರೆಯಾಯಿತು.

"ನೀನಾ?! ಇಲ್ಲೇನ್ ಮಾಡ್ತಿದ್ದೀಯ?"

"ಸಾಸ್ ತಿರುವ್ತಿದ್ದೆ. ನೀನು ಬೆಲ್ ಒತ್ತಿ ತಳ ಹಿಡಿಸ್ದೆ."

"ಇದು ನನ್ನ ಮನೆ!"

"ಹೌದಾ? ಮತ್ತೆ ಬೆಲ್ ಯಾಕೆ ಒತ್ತಿದೆ?"

ಒಳಗಿನಿಂದ ಅವನ ಅಮ್ಮ ಮಿರೇಯ್ ಓಡಿಬಂದಳು. ಮಗನನ್ನು ಕಂಡು ಅರಳಿದ ಮುಖ ಸೊಲೀನಳನ್ನು ಕಂಡು ಪೆಚ್ಚಾಯಿತು. ಮಗ ತಾನಿರುವ ಲಿಯೋನ್ ನಗರದಿಂದ ಹೇಳದೆ ಕೇಳದೆ ಬಂದುಬಿಡುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಸೊಲೀನ್ ಪ್ರತಿ ಭಾನುವಾರ ತಪ್ಪದೆ ಊಟಕ್ಕೆ ಬರುತ್ತಾಳೆಂದು ಅವನಿಗೆ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

"ಮೊದ್ಲು ಪದ್ಧತಿ ಪ್ರಕಾರ ಕೆನ್ನೆಗೆ ಮುತ್ತು ಕೊಟ್ಕೊಳ್ಳಿ, ಜಗಳ ಆಮೇಲೆ. ನಾವೇನು ಕಾಡುಜನಾನಾ?" ಎಂದಳು ಮಿರೇಯ್.

ಕೊಟ್ಟುಕೊಂಡರು... ಕೆನ್ನೆಗೆ ಕೆನ್ನೆ ತಾಗದಂತೆ, ಬರೀ ಗಾಳಿಗೆ. ಅವನ ಕೊರಳಿನಿಂದ ಅದೇ ಹಳೆಯ ಸಾಬೂನಿನ ವಾಸನೆ ಬಂತು. ಥೂ, ಸಾಬೂನನ್ನಾದರೂ ಬದಲಾಯಿಸಬಾರದಿತ್ತೇ ಇವನು! ಸೊಲೀನಳಿಗೆ ಅಳು ಉಕ್ಕಿತು. ಅಳುವ ಬದಲು ಅವನನ್ನು ದುರುಗುಟ್ಟಿ ನೋಡಿದಳು.

ಟೇಬಲ್ಲಿನಲ್ಲಿ ಅವನ ಅಪ್ಪ ಆನ್ಸೆಲ್ಮ್ ಹುರಿದ ಕೋಳಿಗೆ ಚಾಕು ಹಾಕಿದ. ಕೋಳಿಯ ಬೆನ್ನಿನ ಕೆಳಗೆ ಎರಡೇ ಎರಡು ಮೆತ್ತನೆಯ ತುಣುಕುಗಳಿರುತ್ತವೆ. ಕೊಯ್ಯುವವನು ಅವನ್ನು ತನ್ನ ಮುದ್ದಿನವರ ತಟ್ಟೆಗೇ ಹಾಕುತ್ತಾನೆ. ಚಿಕ್ಕಂದಿನಿಂದಲೂ ಅವು ಕ್ಲೋವಿಸ್‌ನ ಪಾಲು. ಆದರೆ ಎರಡು ವರ್ಷದ ರೂಢಿ ನೋಡಿ! ಮುದುಕ ಮಾತಾಡುತ್ತಾ ಮಾತಾಡುತ್ತಾ ಎರಡನ್ನೂ ಸೊಲೀನಳ ತಟ್ಟೆಗೆ ಹಾಕಿಬಿಟ್ಟ.

ಎಲ್ಲರ ಫೋರ್ಕುಗಳೂ ನಿಂತವು.

"ಭಲೇ!" ಕ್ಲೋವಿಸ್ ನ್ಯಾಪ್ಕಿನ್ ಎಸೆದ. "ನನ್ನ ರೂಮೂ ಇವಳಿಗೇ ಕೊಟ್ಟಿದ್ದೀರಾ?"

"ಇಲ್ಲಪ್ಪ, ಅಲ್ಲಿ ಇಸ್ತ್ರಿ ಮಾಡ್ತೀವಿ," ಎಂದ ಅಪ್ಪ, ಪಾಪ, ನಿಜವನ್ನೇ ಹೇಳಿದ.

"ನಗೋ ವಿಷಯ ಅಲ್ಲ! ಈ ಟೇಬಲ್ಲಿಗೆ ಅವಳು ಬಂದ್ರೆ ನಾನು ಬರಲ್ಲ. ಇಬ್ಬರಲ್ಲಿ ಒಬ್ರು. ಅಮ್ಮಾ, ಈಗ್ಲೇ ಹೇಳು."

ಮಿರೇಯ್ ಸಾಸ್ ಬಟ್ಟಲನ್ನು ಮಗನತ್ತ ಸರಿಸಿದಳು. ಆಮೇಲೆ ಸೊಲೀನಳತ್ತ ಸರಿಸಿದಳು.

ಹೆತ್ತವರಿಲ್ಲದೆ, ಸಾಕುವ ಮನೆಯಿಂದ ಸಾಕುವ ಮನೆಗೆ ಚೀಲ ಹೊತ್ತುಕೊಂಡೇ ಬೆಳೆದವಳು ಸೊಲೀನ್. 'ಇದೊಂದು ಮನೆ ಹೋದರೆ ನನಗೆ ಇನ್ಯಾರಿದ್ದಾರೆ? ಹಟ ಹಿಡಿದು ಕೂತರೆ ಗೆದ್ದರೂ ಗೆಲ್ಲಬಹುದು...' ಅಷ್ಟರಲ್ಲಿ ಮಿರೇಯ್‌ಳ ಕೈ ಆ ಬಟ್ಟಲನ್ನು ಮತ್ತೆ ಮಗನತ್ತ ಸರಿಸುವುದು ಕಣ್ಣಿಗೆ ಬಿತ್ತು. ಹೆತ್ತ ಕರುಳಿಗೆ ಇಂಥ ಪ್ರಶ್ನೆ ಹಾಕಬಾರದು ಅನಿಸಿತು ಅವಳಿಗೆ.

ಏಪ್ರನ್ ಬಿಚ್ಚಿದಳು.

"ಅವರನ್ನ ಯಾಕೆ ಸಾಯಿಸ್ತೀಯ? ನಾನೇ ಹೋಗ್ತೀನಿ. ನಿನ್ನ ಅಮ್ಮನ್ನ ನೀನೇ ಇಟ್ಕೋ!"

ಕೊನೆಯಲ್ಲಿ ಚೀಸ್ ಬರುವ ಮೊದಲೇ ಆ ಮನೆಯ ಊಟದಿಂದ ಅದುವರೆಗೆ ಯಾರೂ ಎದ್ದು ಹೋಗಿರಲಿಲ್ಲ. ಸೊಲೀನ್ ಹೋದಳು.

ದ್ರಾಕ್ಷಿ ತೋಟಗಳ ಪಕ್ಕದ ಇಳಿಜಾರಿನಲ್ಲಿ ಅವಳು ಬಿರಬಿರನೆ ನಡೆಯುತ್ತಿದ್ದಾಗ ಹಿಂದೆ ಬೂಟಿನ ಸದ್ದು ಕೇಳಿತು.

"ನಿಲ್ಲೇ! ಜಗಳ ಮುಗ್ದಿಲ್ಲ!"

"ಗೆದ್ದೆಯಲ್ಲ, ಇನ್ನೇನ್ ಬೇಕು?"

"ಗೆದ್ದೆನಾ? ನನ್ ಜೊತೆ ಲಿಯೋನಿಗೆ ಬಾ ಅಂದಾಗ ನೀನ್ ಏನಂದೆ? 'ಹಾಗಾದ್ರೆ ಭಾನುವಾರದ ಊಟ?' ಅಂದೆ! ನೀನು ಪ್ರೀತಿಸಿದ್ದು ನನ್ನನ್ನಲ್ಲ ಸೊಲೀನ್, ನನ್ನ ಅಪ್ಪ ಅಮ್ಮನ್ನ. ನಾನು ಬರೀ ಬಾಗಿಲು ತೆಗೆದವನು!"

ಅವಳು ಗಕ್ಕನೆ ತಿರುಗಿದಳು. ಇಷ್ಟು ದಿನ ಇದನ್ನೇ ಎದೆಯಲ್ಲಿಟ್ಟುಕೊಂಡು ತಿರುಗಿದನೇ ಈ ಪೆದ್ದ?

"ಲಿಯೋನಿನಲ್ಲಿ ನೀನೂ ನನ್ನ ಬಿಟ್ಟಿದ್ರೆ? ಅಲ್ಲಿ ನನಗೆ ಯಾರಿದ್ರು? ಎಲ್ರೂ ಬಿಟ್ಟೋರೇ ಕ್ಲೋವಿಸ್... ಹೆದ್ರಿಕೆ ಆಯ್ತು. ಬಾಯಿಗೆ ಬಂದಿದ್ದು ಅಂದೆ. ನೀನು ಇನ್ನೊಂದ್ಸಲ ಕೇಳ್ತೀಯ ಅಂದ್ಕೊಂಡೆ. ನೀನು ಪೆಟ್ಟಿಗೆ ಕಟ್ಟಿದೆ!"

"ಇನ್ನೊಂದ್ಸಲ ಕೇಳಿ ಇಲ್ಲ ಅನ್ನಿಸ್ಕೊಳ್ಳೋ ಧೈರ್ಯ ಇರ್ಲಿಲ್ಲ."

"ಹೇಡಿ!"

"ಹೂಂ, ಹೇಡಿನೇ. ನೀನೇನು ಕಮ್ಮಿನಾ? ಊಟದ ಆಸೆಗೆ ಈ ಮನೆಗೆ ಅಂಟ್ಕೊಂಡಿದ್ದೀಯ..."

"ಊಟಾನಾ?!" ಅವಳ ದನಿ ಒಡೆಯಿತು. "ಕಾಫಿ ಹೊತ್ತಿಗೆ ನಿನ್ನಮ್ಮ ನಿನ್ನ ಸುದ್ದಿ ಹೇಳ್ತಾರೆ ಕಣೋ. ನಿನಗೆ ಜ್ವರ ಬಂತು, ನೀನು ಮನೆ ಬದಲಾಯಿಸ್ದೆ... ಅದಕ್ಕೆ ಬರ್ತಿದ್ದೆ. ಬೇರೆಲ್ಲೂ ನಿನ್ನ ಹೆಸರು ಯಾರೂ ಎತ್ತಲ್ಲ!"

ಕ್ಲೋವಿಸ್ ಮಂಕಾದ. ಬೈಯಲು ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ.

"ನಾನಿವತ್ತು ಯಾಕೆ ಬಂದೆ ಗೊತ್ತಾ? ಅಮ್ಮನ ಹತ್ರ ನಿನ್ನ ಸುದ್ದಿ ಕೇಳೋಕೆ. ಫೋನಲ್ಲಿ ಕೇಳೋಕೆ ನಾಚಿಕೆ ಆಗ್ತಿತ್ತು."

"ಬಂದು ನನ್ನನ್ನೇ ಮನೆಯಿಂದ ಓಡಿಸ್ದೆ."

"ಓಡಿಸ್ದೆ..."

ಅವಳು ಅಳುತ್ತಲೇ ನಕ್ಕಳು. ಅವನು ಅವಳ ಕೆನ್ನೆಗೆ ಮುತ್ತಿಟ್ಟ. ಈ ಸಲ ಗಾಳಿಗಲ್ಲ.

"ಬಾ ಮನೆಗೆ, ಕಾಯ್ತಿರ್ತಾರೆ."

"ಊಹೂಂ. ಇವತ್ತು ನೀನೊಬ್ನೇ ಹೋಗಿ ಅವರ ಜೊತೆ ಕೂರು. ಮಗನ ಮುಖ ಬಿಟ್ಟು ಬೇರೆ ಯಾರ ಮುಖನೂ ಅವರಿಗೆ ಈಗ ಬೇಡ."

"ಮತ್ತೆ... ನಾನು ನಿನಗೆ ಬೇಡ್ವಾ?" ಅವನು ಅವಳ ದಾರಿಗೆ ಅಡ್ಡ ನಿಂತ. "ಸೊಲೀನ್, ಎರಡನೇ ಸಲ ಕೇಳ್ತಿದೀನಿ. ಲಿಯೋನಿಗೆ ಬರ್ತೀಯಾ?"

ಅವಳು ಬೆಟ್ಟದ ಮೇಲಿನ ಆ ಮನೆಯತ್ತ ಒಮ್ಮೆ ನೋಡಿದಳು. ಭಯ ಇನ್ನೂ ಹೋಗಿರಲಿಲ್ಲ. ಇದ್ದರೂ ಅವನ ಕೈ ಹಿಡಿದಳು.

"ನಿನ್ನಮ್ಮನಿಗೆ ಒಂದು ಮಾತು ಹೇಳ್ತೀಯಾ?"

"ಏನಂತ?"

"ಮುಂದಿನ ಭಾನುವಾರ ನಾನು ಊಟಕ್ಕೆ ಬರಲ್ಲ. ಲಿಯೋನಿನಲ್ಲಿ ಇರ್ತೀನಿ ಅಂತ."