ಬಣ್ಣ ಬದಲಿಸದ ಮೀನು

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಸಂಶೋಧನಾ ವಿದ್ಯಾರ್ಥಿನಿ ಶಿಹೊಳ ಎರಡು ವರ್ಷದ ದುಡಿಮೆ ಸುಳ್ಳಾಯಿತು.

ನಗೋಯಾದ ಆ ಪ್ರಯೋಗಾಲಯದಲ್ಲಿ ಮೆದಾಕಾ ಎಂಬ ಪುಟ್ಟ ಮೀನು ಸಾಕುತ್ತಾರೆ. ಅದರ ಹುರುಪೆಯ ಕೋಶಗಳಲ್ಲಿ ಕಪ್ಪು ಕಣಗಳಿವೆ. ಸುತ್ತ ಬಿಳಿಯಿದ್ದಾಗ ನರದಿಂದ ಸಂದೇಶ ಬಂದು ಕಣಗಳು ಕೋಶದ ನಡುವಿಗೆ ಓಡುತ್ತವೆ, ಮೀನು ಬಿಳುಚುತ್ತದೆ. ಒಂದು ತಳಿ ಮಾತ್ರ ಸದಾ ಕಪ್ಪು. ಸಂದೇಶವೇ ತಲುಪುವುದಿಲ್ಲ ಎಂದು ಸಹಾಯಕ ಪ್ರಾಧ್ಯಾಪಕ ಕಾಂಬೆ ಹಿಂದೆಯೇ ಬರೆದಿದ್ದ. ಸಂದೇಶ ತಲುಪುತ್ತದೆ, ಕಣ ಸಾಗಿಸುವ ಯಂತ್ರ ಕೆಟ್ಟಿದೆ ಎಂದಳು ಶಿಹೊ.

ಆದರೆ ಪ್ರೊಫೆಸರ್ ಹಿರಾಯ್ ಕಣ್ಣೆದುರೇ, ನರದ ಸಂದೇಶದ ಬದಲಿಗೆ ಕೆಲಸ ಮಾಡುವ ಔಷಧಿ ಒಂದು ತೊಟ್ಟು ಬಿದ್ದದ್ದೇ ತಡ, ಅವಳ ಮೀನಿನ ಹುರುಪೆಯ ಕಣಗಳೆಲ್ಲ ಓಡಿದವು. ಯಂತ್ರ ಕೆಟ್ಟಿದ್ದರೆ ಅವು ಕದಲಬಾರದಿತ್ತು. ಗುರುವಾರ ಡಾಕ್ಟರೇಟ್ ಪರೀಕ್ಷೆ. ಸುಳ್ಳು ಫಲಿತಾಂಶ ಹುಟ್ಟಿಸಿದವಳೆಂಬ ಹೆಸರು ಅಂಟಿದರೆ ಅವಳಿಗೆ ಮತ್ತೆಲ್ಲೂ ಜಾಗವಿಲ್ಲ.

* * *

ಮೀನು ನೋಡಿಕೊಳ್ಳುವ ಇಟ್ಸುಕೋ ಇದನ್ನು ನಂಬಲಿಲ್ಲ.

"ಆ ಹುಡುಗಿ ಸುಳ್ಳು ಬರೆಯೋಳಲ್ಲ. ಮೀನೇ ಬದಲಾಗಿದೆ."

ಶನಿವಾರ ಶಿಹೊಳ ತೊಟ್ಟಿಯ ನೀರು ಬದಲಿಸಿದ್ದಕ್ಕೆ ಪಾಳಿಪಟ್ಟಿಯಲ್ಲಿ ಮೊರಿಯಾನ ಮುದ್ರೆಯಿತ್ತು. ಶಿಹೊ ಜೊತೆ ಜಗಳವಾಡಿದ್ದ ಸಹಪಾಠಿ. ಬೇಕಾದರೆ ತನ್ನ ತೊಟ್ಟಿ ನೋಡಿಕೊಳ್ಳಿ ಎಂದು ಅವನು ರೇಗಿದ. ಇಟ್ಸುಕೋ ಅವನದಷ್ಟೇ ಅಲ್ಲ, ಪ್ರತಿ ತೊಟ್ಟಿಯ ಮೀನನ್ನೂ ಬಿಳಿ ಬಟ್ಟಲಿಗೆ ಹಾಕಿ ನೋಡಿದಳು. ಐದೇ ನಿಮಿಷದಲ್ಲಿ ಎಲ್ಲವೂ ಬಿಳುಚಿದವು. ಸದಾ ಕಪ್ಪಿರುವ ತಳಿಯದು ಒಂದೂ ಇರಲಿಲ್ಲ.

ಫ್ರೀಜರಿನಲ್ಲಿ ಸತ್ತ ಮೀನುಗಳ ಪೆಟ್ಟಿಗೆಯಿತ್ತು. ಶರತ್ಕಾಲದಲ್ಲಿ ಅವುಗಳಿಗಾಗಿ ಸ್ಮರಣೆಯ ಪ್ರಾರ್ಥನೆ ನಡೆಯುತ್ತದೆ. ಅದಕ್ಕೇ ಅಲ್ಲಿ ಯಾರೂ ಒಂದು ಮೀನನ್ನೂ ಕಸಕ್ಕೆ ಎಸೆಯುವುದಿಲ್ಲ. ಹೊಸದಾಗಿ ಒಂದೂ ಸೇರಿರಲಿಲ್ಲ. ಹಾಗಾದರೆ ಆ ಕಪ್ಪು ಮೀನುಗಳು ಎಲ್ಲೋ ಬದುಕಿವೆ.

ಹಿತ್ತಲಲ್ಲಿ ಸ್ಮರಣೆಯ ಕಲ್ಲು, ಪಕ್ಕದಲ್ಲಿ ತಾವರೆ ಕುಂಡ. ಹೋದ ವಾರ ಅದರ ತುಂಬ ಸೊಳ್ಳೆಮರಿ. ಈಗ ಒಂದೂ ಇಲ್ಲ. ಯಾವುದೋ ಬಾಯಿ ತಿಂದಿದೆ. ಇಟ್ಸುಕೋ ಎಲೆ ಸರಿಸದೆ, ಸುಮ್ಮನೆ ಒಳಗೆ ಬಂದಳು.

* * *

ಚಹಾ ಹೊತ್ತಿಗೆ ಎಲ್ಲರೂ ಸೇರಿದ್ದರು.

"ಕುಂಡದಲ್ಲಿ ಸೊಳ್ಳೆಮರಿ ಮಿತಿಮೀರಿದೆ. ಕುದಿಯೋ ನೀರು ಸುರಿದು ಬರ್ತೀನಿ," ಎಂದು ಇಟ್ಸುಕೋ ಕೆಟಲು ಎತ್ತಿದಳು.

ಕಾಂಬೆ ಎದ್ದುನಿಂತ. "ಬೇಡ. ಅದರಲ್ಲಿ ಮೀನಿದೆ."

"ಅದು ನಿಮಗೆ ಹೇಗೆ ಗೊತ್ತು, ಕಾಂಬೆ-ಸಾನ್?"

ಅವನು ಕೂತುಬಿಟ್ಟ. ಉಳಿದದ್ದನ್ನು ಇಟ್ಸುಕೋ ಬಿಡಿಸಿ ಹೇಳಿದಳು. ಸಾಮಾನ್ಯ ಮೀನಿನ ಕಣ ಔಷಧಿಗೆ ಓಡುತ್ತದೆ. ಸಂದೇಶ ತಲುಪದ ಮೀನಿನದೂ ಓಡಬೇಕು. ಹಾಗಾಗಿ ಸಾಮಾನ್ಯ ಮೀನು ತಂದಿಟ್ಟರೆ ಸಾಕು, ಕಾಂಬೆಯ ಲೇಖನ ನಿಜ, ಶಿಹೊಳದು ಸುಳ್ಳು.

ಕುಂಡದಿಂದ ಆರು ಮೀನು ಬಂದವು. ಬಿಳಿ ಬಟ್ಟಲಲ್ಲೂ ಕಪ್ಪಗೇ ಇದ್ದವು. ಒಂದರ ಹುರುಪೆ ತೆಗೆದು ಹಿರಾಯ್ ತಾವೇ ಔಷಧಿ ಬಿಟ್ಟರು. ಹತ್ತು ನಿಮಿಷ ಕಳೆಯಿತು. ಒಂದು ಕಣವೂ ಕದಲಲಿಲ್ಲ. ಗುರುವಾರ ಪರೀಕ್ಷೆ ನಡೆಯುತ್ತದೆ ಎಂದು ಅವರು ಶಿಹೊಗೆ ತಲೆಬಾಗಿದರು.

"ಕೊಲ್ಲೋಕೆ ಕೈ ಬರ್ಲಿಲ್ಲ," ಎಂದ ಕಾಂಬೆ.

"ಮೀನಿನ ಮೇಲೆ ಬರದ ಕೈ ಈ ಹುಡುಗಿ ಮೇಲೆ ಹೇಗೆ ಬಂತು?" ಎಂದಳು ಇಟ್ಸುಕೋ.

ಶಿಹೊ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ತೊಟ್ಟಿಯತ್ತ ನಡೆದಳು.