ನಲವತ್ತೆರಡು ಹಳದಿ ಹಾಳೆಗಳು

ಚೀಲ ದಪ್ಪಗಿತ್ತು.

ಕಪಾಟಿನಿಂದ ಎಳೆದು ಕೈಯಲ್ಲಿ ಹಿಡಿದ ಕ್ಷಣವೇ ಚಿಗುಸಾಳಿಗೆ ತಿಳಿದುಹೋಯಿತು. ಆ ಅನಿಮೇಶನ್ ಸ್ಟುಡಿಯೋದಲ್ಲಿ ಎಲ್ಲರಿಗೂ ಕೈಯೇ ತಕ್ಕಡಿ. ಒಂದು ಶಾಟ್‌ನ ಚಿತ್ರಗಳೆಲ್ಲ ಒಂದು ಕಂದು ಚೀಲದಲ್ಲಿ ಹೋಗುತ್ತವೆ. ತಿದ್ದುವವನು ತಪ್ಪು ಕಂಡ ಚಿತ್ರದ ಮೇಲೆ ತೆಳುವಾದ ಹಳದಿ ಹಾಳೆ ಇಟ್ಟು ತನ್ನ ಗೆರೆ ಎಳೆಯುತ್ತಾನೆ. ಚೀಲ ಹೋದಷ್ಟೇ ತೆಳ್ಳಗೆ ಮರಳಿದರೆ ಗೆದ್ದಂತೆ. ದಪ್ಪಗೆ ಮರಳಿದರೆ ಯಾರೂ ಏನೂ ಹೇಳುವುದಿಲ್ಲ, ಎಲ್ಲರೂ ನೋಡುತ್ತಾರೆ.

ಅವಳು ಅಲ್ಲೇ ನಿಂತು ಹಾಳೆಗಳ ಅಂಚು ಎಣಿಸಿದಳು. ನಲವತ್ತೆರಡು ಬಿಳಿ. ನಲವತ್ತೆರಡು ಹಳದಿ. ಒಂದೇ ಒಂದು ಚಿತ್ರವನ್ನೂ ತಿದ್ದುವ ಸೆರಾ ಬಿಟ್ಟಿರಲಿಲ್ಲ.

ಆಗಸ್ಟ್ ತಿಂಗಳ ಮಧ್ಯಾಹ್ನ. ಕಾಗದ ಹಾರುತ್ತದೆಂದು ಫ್ಯಾನ್ ಹಾಕುವಂತಿಲ್ಲ. ಏಸಿ ಇದ್ದದ್ದು ಕ್ಯಾಮೆರಾ ಕೋಣೆಗೆ ಮಾತ್ರ. ಟೋಕಿಯೋದ ಸೆಕೆಯೆಲ್ಲ ಈ ಎರಡನೇ ಮಹಡಿಗೇ ಬಂದು ಕೂತಂತಿತ್ತು. ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ ಪಕ್ಕದ ಮೇಜಿನ ಇಸೊಬೆ ತಲೆ ಎತ್ತಿದ.

"ಸೆರಾ ಸಾನ್ ನಿಮ್ಮ ಶಾಟ್‌ಗೆ ಬಹಳ ಬೆವರು ಸುರಿಸಿದಾರೆ ಕಣ್ರೀ," ಎಂದ. "ಒಂದು ಡಬ್ಬಿ ಪೆನ್ಸಿಲ್ ಖರ್ಚಾಗಿರ್ಬೇಕು."

ಚಿಗುಸಾ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಬಾಯಿ ತೆರೆದರೆ ಏನು ಬರುತ್ತದೋ ಅವಳಿಗೇ ಗೊತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಆಗ ತಯಾರಾಗುತ್ತಿದ್ದದ್ದು ಎರಡು ಗ್ರಹಗಳ ರೋಬೋಟ್‌ಗಳು ಕಾದಾಡುವ ಸಿನಿಮಾ. ಆರು ವರ್ಷ ಅವಳು ಬರೆದದ್ದು ನಾಯಕಿಯರ ಕೂದಲು, ಕಣ್ಣೀರು, ಗಾಳಿಗೆ ಹಾರುವ ರಿಬ್ಬನ್ನು. ಹೆಂಗಸರ ಕೈಯಲ್ಲಿ ರೋಬೋಟ್‌ಗೆ ತೂಕ ಬರುವುದಿಲ್ಲ ಎನ್ನುವುದು ನಿರ್ದೇಶಕ ಓಬಾನ ನಂಬಿಕೆ. ಚಿಗುಸಾ ಹುಟ್ಟಿದ್ದು ಕವಾಗುಚಿಯಲ್ಲಿ, ಎರಕದ ಕುಲುಮೆಗಳ ನಡುವೆ. ತೂಕದ ಕಬ್ಬಿಣ ಹೇಗೆ ವಾಲುತ್ತದೆ ಎಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ವರ್ಷವಿಡೀ ಕೇಳಿ ಕೇಳಿ, ಜೂನ್‌ನಲ್ಲಿ ಅವಳು ಒಂದು ಶಾಟ್ ಗಿಟ್ಟಿಸಿಕೊಂಡಳು: ಶಾಟ್ 311, ಕಪ್ಪು ರೋಬೋಟ್ ಬೀಳುವುದು. ಹಳದಿ ಇಲ್ಲದೆ ಇದು ಪಾಸಾದರೆ ಸಿನಿಮಾದ ಕೊನೆಯ ಯುದ್ಧ ಪೂರ್ತಿ ನಿನ್ನದು, ಆಗದಿದ್ದರೆ ಮತ್ತೆ ರಿಬ್ಬನ್ನು ಎಂದು ಓಬಾ ನಗುತ್ತಲೇ ಹೇಳಿದ್ದ.

ಅವಳು ಲೆಕ್ಕ ಹಾಕಿದ್ದಳು. ಮನುಷ್ಯ ಬೀಳಲು ಒಂದು ಸೆಕೆಂಡು ಸಾಕು. ಅವನ ಹನ್ನೆರಡು ಪಟ್ಟು ಎತ್ತರದ ಯಂತ್ರಕ್ಕೆ ಹನ್ನೆರಡು ಸೆಕೆಂಡು ಬೇಕಿಲ್ಲ. ಹನ್ನೆರಡರ ವರ್ಗಮೂಲದಷ್ಟು, ಅಂದರೆ ಸುಮಾರು ಮೂರೂವರೆ. ಬೇರೆಯವರು ಎರಡೇ ಸೆಕೆಂಡಿನಲ್ಲಿ ಬೀಳಿಸುತ್ತಿದ್ದರು. ಅದಕ್ಕೇ ಅವರ ರೋಬೋಟ್‌ಗಳು ತಗಡಿನ ಆಟಿಕೆಯಂತೆ ಕಾಣುತ್ತಿದ್ದವು. ಸೆಕೆಂಡಿಗೆ ಹನ್ನೆರಡರಂತೆ ಮೂರೂವರೆ ಸೆಕೆಂಡಿಗೆ ನಲವತ್ತೆರಡು ಚಿತ್ರ. ಸಹಾಯಕರಿಗೆ ಒಂದನ್ನೂ ಕೊಡದೆ ಎಲ್ಲವನ್ನೂ ತಾನೇ ಬರೆದಿದ್ದಳು.

ಆ ಲೆಕ್ಕವನ್ನು ಅವಳು ಮೊದಲು ಹೇಳಿದ್ದು ಸೆರಾನಿಗೇ. ಅದೇ ಹೆಚ್ಚು ಉರಿಯುತ್ತಿತ್ತು.

ಮೂರು ತಿಂಗಳಿಂದ ಇಬ್ಬರೂ ಊಟಕ್ಕೆ ತಾರಸಿಗೆ ಹೋಗುತ್ತಿದ್ದರು. ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಅನ್ನದುಂಡೆ ತಿನ್ನುತ್ತಿದ್ದರು. ಸೆರಾ ಹೆಚ್ಚು ಮಾತನಾಡುವವನಲ್ಲ. ಆದರೆ ಅವಳು ಮಾತನಾಡುವಾಗ ಅವನ ಕಣ್ಣು ಅವಳ ಕೈಯ ಹಿಂದೆಯೇ ತಿರುಗುತ್ತಿತ್ತು. ಬೆರಳಿಗೆ ಅಂಟಿದ ಅನ್ನದ ಅಗುಳನ್ನು ಅವಳು ತುಟಿಗೆ ಒತ್ತಿಕೊಂಡರೆ ಅವನು ತಟ್ಟನೆ ಆಕಾಶ ನೋಡುತ್ತಿದ್ದ. "ಮೋಡ ಏನಂತೆ?" ಎಂದು ಅವಳು ಕೆಣಕಿದರೆ ಕಿವಿ ಕೆಂಪಾಗುತ್ತಿತ್ತು. ಇಷ್ಟೇ. ಯಾರೂ ಏನೂ ಹೇಳಿರಲಿಲ್ಲ.

ಈಗ ಅವಳು ಚೀಲವನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಒಂದೂ ಸರಿ ಇರ್ಲಿಲ್ವಾ?"

ಸೆರಾ ಎದ್ದು ನಿಂತ. ಮೆಲ್ಲಗೆ ಮಾತನಾಡೋಣ ಎಂದ. ಮೆಲ್ಲಗೆ ಮಾತನಾಡುವ ದಿನ ಮುಗಿಯಿತು ಎಂದಳು ಅವಳು. ತಾರಸಿಯಲ್ಲಿ ತಲೆಯಾಡಿಸಿದ್ದು ಯಾಕೆ, ಆಗಲೇ ತಪ್ಪು ಎನ್ನಬಹುದಿತ್ತಲ್ಲ ಎಂದು ಕೇಳಿದಳು. ಅವನು ಬಾಯಿ ತೆರೆಯುವ ಮುಂಚೆಯೇ ಅವನ ಬೆಳಕಿನ ಮೇಜಿನ ಸ್ವಿಚ್ ಒತ್ತಿದಳು. ಎಲ್ಲಿ ಕೆಡಿಸಿದ್ದಾನೆ ಎಂದು ಅವನಿಗೇ ತೋರಿಸಬೇಕಿತ್ತು. ಇಪ್ಪತ್ತನೇ ಚಿತ್ರವನ್ನೂ ಅದರ ಹಳದಿಯನ್ನೂ ಒಟ್ಟಿಗೆ ಗಾಜಿನ ಮೇಲೆ ಹರಡಿದಳು.

ಎರಡು ಗೆರೆ ಕಾಣಬೇಕಿತ್ತು. ಒಂದೇ ಕಂಡಿತು.

ಇಪ್ಪತ್ತೊಂದು. ಇಪ್ಪತ್ತೆರಡು. ಭುಜದ ತಿರುವು, ಮಣಿಯುವ ಮಂಡಿ, ಪೆನ್ಸಿಲ್ ಒತ್ತಿ ಸಡಿಲಿಸಿದ ಜಾಗ ಕೂಡ. ಕೂದಲೆಳೆಯಷ್ಟೂ ಸರಿಯದೆ ಅವಳ ಗೆರೆಯ ಮೇಲೆ ಅವನ ಗೆರೆ ಮಲಗಿತ್ತು. ಅವನು ಏನನ್ನೂ ತಿದ್ದಿರಲಿಲ್ಲ. ನಲವತ್ತೆರಡು ಚಿತ್ರವನ್ನೂ ಇದ್ದಂತೆಯೇ ನಕಲು ಮಾಡಿದ್ದ.

ಸೆರಾ ನಿಧಾನವಾಗಿ ವಿವರಿಸಿದ. ಹಳದಿ ಇಲ್ಲದೆ ಬಂದರೆ ಇದನ್ನು ಇಸೊಬೆಗೆ ಕೊಟ್ಟು ಮೊದಲಿನಿಂದ ಬರೆಸುತ್ತೇನೆ, ಹಣ ಹಾಕಿದ ಆಟಿಕೆ ಕಂಪನಿಯವರಿಗೆ ಹೆಂಗಸಿನ ರೋಬೋಟ್ ತೋರಿಸಲಾರೆ ಎಂದು ಓಬಾ ಅವನನ್ನು ಒಬ್ಬನನ್ನೇ ಕರೆದು ಹೇಳಿದ್ದನಂತೆ. ಇಸೊಬೆ ಅದನ್ನು ಎರಡು ಸೆಕೆಂಡಿಗೆ ಇಳಿಸಿಬಿಡುತ್ತಿದ್ದ. ಪ್ರತಿ ಚಿತ್ರದ ಮೇಲೂ ತನ್ನ ಹಳದಿ ಕಂಡರೆ ಓಬಾ ಅದನ್ನು ಗಂಡಸಿನ ಕೆಲಸವೆಂದು ಹಾಗೇ ಬಿಡುತ್ತಾನೆ ಎನ್ನುವುದು ಸೆರಾನ ಎಣಿಕೆ.

"ಒಂದು ಗೆರೆನೂ ಹಾಳಾಗ್ಬಾರ್ದು ಅನ್ನಿಸ್ತು," ಎಂದ. "ಐದು ದಿನ ಹಿಡೀತು."

ಅವಳ ಎದೆಯಲ್ಲಿ ಏನೋ ಕರಗಲು ನೋಡಿತು. ಅವಳು ಬಿಡಲಿಲ್ಲ. ಮೊದಲಿನ ಕೋಪಕ್ಕಿಂತ ಈಗಿನದು ದೊಡ್ಡದಿತ್ತು, ಸ್ಪಷ್ಟವಾಗಿತ್ತು.

"ನನ್ನ ಗೆರೆ ಉಳಿಸಿದ್ರಿ. ಸರಿ. ನನ್ನನ್ನ?"

ಅವನ ಕೈ ಬೆಳಕಿನ ಮೇಜಿನ ಸ್ವಿಚ್ಚಿನತ್ತ ಹೋಯಿತು. ಅವಳು ತಡೆದಳು.

"ಈ ಶಾಟ್ ಪರದೆ ಮೇಲೆ ಬರುತ್ತೆ. ಎಲ್ಲರೂ ಸೆರಾ ಎಷ್ಟು ಚೆನ್ನಾಗಿ ಬೀಳಿಸಿದಾನೆ ಅಂತಾರೆ. ನಾನು ರಿಬ್ಬನ್ ಬರೀತಾ ಕೂತಿರ್ತೀನಿ. ನೀವು ನನ್ನ ಮೇಲೆ ಹೀಗೆ ಕದ್ದು ಪ್ರೀತಿ ತೋರಿಸೋದಾದ್ರೆ, ಸೆರಾ ಸಾನ್, ನನಗೆ ಬೇಡ. ಇಸೊಬೆ ಹಾಳು ಮಾಡಿದ್ರೂ ಪರವಾಗಿರ್ಲಿಲ್ಲ. ಕೊನೇಪಕ್ಷ ಅವನ ಮೇಲೆ ಉಗೀಬಹುದಿತ್ತು."

ಪ್ರೀತಿ ಎಂಬ ಮಾತು ಬಾಯಿಂದ ಜಾರಿದ್ದು ಅವಳಿಗೆ ಅನಂತರ ಗೊತ್ತಾಯಿತು. ಕೋಣೆಯಲ್ಲಿ ಒಂದು ಪೆನ್ಸಿಲ್ಲೂ ಓಡುತ್ತಿರಲಿಲ್ಲ. ಸೆರಾ ಅವಳನ್ನೇ ನೋಡಿದ. ಈ ಸಲ ಆಕಾಶದ ಕಡೆ ತಿರುಗಲಿಲ್ಲ. ಚೀಲ ಎತ್ತಿಕೊಂಡು ನಿರ್ದೇಶಕನ ಕೋಣೆಗೆ ನಡೆದ. ಅವಳೂ ಹಿಂದೆಯೇ ಹೋದಳು.

ಓಬಾ ಬಾರ್ಲಿ ಟೀ ಕುಡಿಯುತ್ತ ಕೂತಿದ್ದ. ಸೆರಾ ಹಳದಿ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಹಾಕತೊಡಗಿದ. ನಲವತ್ತೆರಡನ್ನೂ ತೆಗೆಯುವುದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು. ಓಬಾನ ಲೋಟ ಕೈಯಲ್ಲೇ ನಿಂತಿತು. ಆಮೇಲೆ ಸೆರಾ ಚೀಲದ ಮೇಲೆ 'ತಿದ್ದುಪಡಿ ಇಲ್ಲ' ಎಂದು ಬರೆದು ತನ್ನ ಮೊಹರು ಒತ್ತಿದ. ಇವು ಆರಂಭದಿಂದಲೂ ಮೊರೊಹಾಶಿ ಚಿಗುಸಾ ಅವರ ಚಿತ್ರಗಳು, ನಾನು ನಕಲು ಮಾಡಿ ಸುಳ್ಳು ಹೇಳಿದ್ದೆ ಎಂದ.

ಓಬಾ ಇಬ್ಬರನ್ನೂ ಅಳೆದು ನೋಡಿದ.

"ಈ ಹುಡುಗಿ ಮೇಲೆ ಮನಸ್ಸಿದ್ಯೇನಯ್ಯಾ?"

"ಇದೆ," ಎಂದ ಸೆರಾ. "ಅದಕ್ಕೂ ರೋಬೋಟ್ ಬೀಳೋದಕ್ಕೂ ಸಂಬಂಧ ಇಲ್ಲ. ಓಡಿಸಿ ನೋಡಿ."

ಬರಿ ಪೆನ್ಸಿಲ್ ಗೆರೆಗಳನ್ನೇ ವಿಡಿಯೋದಲ್ಲಿ ಓಡಿಸಿದರು. ಕಪ್ಪು ರೋಬೋಟ್ ವಾಲಿತು. ವಾಲಿಯೂ ಬೀಳದೆ ಒಂದು ಗಳಿಗೆ ತಡೆಯಿತು. ಆಮೇಲೆ ತನ್ನ ಭಾರಕ್ಕೆ ತಾನೇ ಸೋತು ಬಂದಿತು. ಓಬಾ ಇನ್ನೊಮ್ಮೆ ಓಡಿಸಲು ಹೇಳಿದ. ಮೂರನೇ ಸಲ ತಾನೇ ಗುಂಡಿ ಒತ್ತಿದ. ಹೊಗಳಲಿಲ್ಲ. ಕೊನೆಯ ಯುದ್ಧ ಅವಳೇ ಬರೆಯಲಿ ಎಂದ. ಸೆರಾ ಅದರ ಒಂದು ಹಾಳೆ ಮುಟ್ಟಿದರೂ ಹೊರಗೆ ಹಾಕುತ್ತೇನೆ, ಸಿನಿಮಾ ಮುಗಿಯುವವರೆಗೆ ಅವನಿಗೆ ಕೂದಲು ಮತ್ತು ರಿಬ್ಬನ್ನು ಎಂದ.

ಮೆಟ್ಟಿಲ ಮೇಲೆ ಸೆರಾ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತ. ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬಂದವು. ಅವಳ ರೆಪ್ಪೆಯ ಮೇಲೆ ಬೆವರಿನ ಒಂದು ಹನಿ ನಿಂತಿತ್ತು. ಅದನ್ನು ಒರೆಸಲು ಎತ್ತಿದ ಕೈಯನ್ನು ಅವನು ಅರ್ಧದಲ್ಲೇ ಇಳಿಸಿದ.

"ನನಗೆ ಹೇಳೋ ಮುಂಚೆ ಓಬಾಗೆ ಹೇಳಿದ್ರಿ," ಎಂದಳು.

"ಹೌದು. ತಪ್ಪಾಯ್ತು."

"ಈಗ ನನಗೆ ಹೇಳಿ."

ಅವನು ಹೇಳಿದ. ಚಿಕ್ಕ ಮಾತು, ಕೆಳಗಿನ ಬೀದಿಯಲ್ಲಿ ಟೋಫು ಮಾರುವವನ ತುತ್ತೂರಿಯಲ್ಲಿ ಅರ್ಧ ಮುಚ್ಚಿಹೋಯಿತು. ಆದರೂ ಅವಳಿಗೆ ಪೂರ್ತಿ ಕೇಳಿಸಿತು. ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಳು. ಅಷ್ಟು ಬಿಗಿಯಾಗಿ ಹಿಡಿದದ್ದು ಹೊಡೆಯಲೋ ಎಳೆದುಕೊಳ್ಳಲೋ ಅವಳಿಗೇ ತಿಳಿಯಲಿಲ್ಲ.

"ನನ್ನ ಕೋಪ ಇನ್ನೂ ಇದೆ," ಎಂದಳು.

"ಇರ್ಲಿ," ಎಂದ ಸೆರಾ. "ನಾನೂ ಇರ್ತೀನಿ."