ಮೂಗಣ್ಣನ ಮೂಗು

ಎಸ್ಟೇಟಿನ ಗೇಟಿನಲ್ಲೇ ಎಡವಟ್ಟಾಯಿತು. ಹಣ್ಣಿನ ತೋಟ, ಇನ್ನೂರು ವರ್ಷದ ಕಲ್ಲುಕಟ್ಟಡ, ಅದರೊಳಗೆ ಇಂದಿಗೂ ಉರಿಯುವ ಬ್ರಾಂದಿ ಭಟ್ಟಿ. ಇದನ್ನು ನಡೆಸುವುದೋ ಮುಚ್ಚುವುದೋ ಎಂದು ವರದಿ ಬರೆಯಲು ಕಂಪನಿ ತನ್ನ ರುಚಿ ಪರೀಕ್ಷಕಿಯನ್ನು ಕಳಿಸಿತ್ತು. ಗೇಟಿನ ಅಜ್ಜಿ, “ಭಟ್ಟಿ ವಿಷ್ಯ ಎಲ್ಲಾ ಮೂಗಣ್ಣನ್ನ ಕೇಳಮ್ಮ” ಎಂದಳು. ಪಾಪ, ಮಾತು ಬಾರದವನು ಎಂದುಕೊಂಡ ಪರೀಕ್ಷಕಿ ಬೆಳಗಿಡೀ ಕೈಸನ್ನೆಯಲ್ಲೇ ಪ್ರಶ್ನೆ ಕೇಳಿದಳು. ಆ ಮಹಾಶಯನೂ ಗಂಭೀರವಾಗಿ ಕೈ ಆಡಿಸಿಯೇ ಉತ್ತರ ಕೊಟ್ಟ. ಅವಳು ತಾಮ್ರದ ಹಂಡೆಯ ಮೇಲೆ ಕೈಯಿಡಲು ಹೋದಾಗ ಮಾತ್ರ, “ಮುಟ್ಬೇಡಿ, ಸುಡುತ್ತೆ” ಎಂದ.

ಮೂಗು ಚುರುಕು ಅಂತ ಮೂಗಣ್ಣನಂತೆ. ಅವಳಿಗೆ ಮೈಯೆಲ್ಲ ಉರಿಯಿತು. ಎರಡು ದಿನ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಆದರೆ ಟಿಪ್ಪಣಿ ಪುಸ್ತಕದಿಂದ ತಲೆ ಎತ್ತಿದಾಗಲೆಲ್ಲ ಅವನು ಇವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ಸೌದೆ ಜೋಡಿಸುವವನಂತೆ ನಟಿಸುತ್ತಿದ್ದ. ಅವಳಿಗೆ ಅದು ಹಿಡಿಸಿತು. ತಲೆ ಎತ್ತುವುದು ಹೆಚ್ಚಾಯಿತು.

ನಾಲ್ಕನೆಯ ದಿನ ಬ್ರಾಂದಿ ಇಳಿಸಿದರು. ಮೊದಲು ಬರುವುದು ಕೆಟ್ಟದ್ದು, ಅದನ್ನು ಚೆಲ್ಲಬೇಕು. ಒಳ್ಳೆಯದು ಶುರುವಾದದ್ದನ್ನು ವಾಸನೆಯಿಂದಲೇ ತಿಳಿದು ಕೊಳವೆಯನ್ನು ಪೀಪಾಯಿಗೆ ತಿರುಗಿಸಬೇಕು. ಅವನು ಲೋಟ ಮೂಸಿ, ಕಣ್ಣು ಮುಚ್ಚಿ, ಕೊಳವೆ ತಿರುಗಿಸಿದ. ಅವಳೂ ಮೂಸಿದಳು. ಇನ್ನೂ ನೇಲ್ ಪಾಲಿಶ್ ವಾಸನೆ, ಕೆಟ್ಟದ್ದು ಮುಗಿದಿರಲಿಲ್ಲ. ಕೊಳವೆಯನ್ನು ವಾಪಸ್ ತಿರುಗಿಸಿದಳು.

ಅವನ ಮುಖ ಸಪ್ಪಗಾಯಿತು. ಆರು ತಿಂಗಳ ಹಿಂದಿನ ಜ್ವರದಲ್ಲಿ ವಾಸನೆ ತಿಳಿಯುವುದೇ ಹೋಯಿತಂತೆ. ಅಂದಿನಿಂದ ಗಡಿಯಾರ ನೋಡಿಕೊಂಡು ಅಂದಾಜಿನ ಮೇಲೆ ದಿನ ದೂಡುತ್ತಿದ್ದಾನೆ, ತನ್ನ ಅಮ್ಮನಿಗೂ ಹೇಳಿಲ್ಲ. ಬೆಳೆದದ್ದು ಈ ಹಂಡೆಯ ಪಕ್ಕದಲ್ಲೇ, ಭಟ್ಟಿ ಮುಚ್ಚಿದರೆ ಬೇರೆ ಕೆಲಸ ಬಾರದು.

“ನಾನು ಸುಳ್ಳು ಬರೆಯಲ್ಲ,” ಎಂದಳು.

“ಬರೀಬೇಡಿ. ಆದ್ರೆ ಒಂದು ಮಾತು. ಮೂಗು ಹೋಯ್ತಲ್ಲ ಅಂತ ನಿಜವಾಗಿ ಹೊಟ್ಟೆ ಉರಿದದ್ದು ಈ ನಾಲ್ಕು ದಿನ. ನೀವು ಪಕ್ಕದಲ್ಲೇ ನಿಂತಿರ್ತೀರಿ, ನಿಮ್ಮ ಪರಿಮಳ ಹೇಗಿದೆ ಅಂತ ಗೊತ್ತಾಗಲ್ಲ.”

“ಹೊಗೆ, ಬೆವರು. ಏನೂ ಕಳ್ಕೊಂಡಿಲ್ಲ ನೀವು,” ಎಂದಳು. ಆದರೆ ಆಗಲೇ ಅವನ ಮೇಲೆ ಮನಸ್ಸಾಗಿತ್ತು. ವರದಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಕೂತು ಇದ್ದದ್ದನ್ನು ಇದ್ದಂತೆ ಬರೆದಳು: ಹಂಡೆ ಗಟ್ಟಿಯಾಗಿದೆ, ಭಟ್ಟಿ ನಡೆಸಬಹುದು, ಕೆಲಸಗಾರ ನಿಪುಣ, ಆದರೆ ವಾಸನೆ ತಿಳಿಯುವುದಿಲ್ಲ, ಮೂಸಿ ಹೇಳಲು ಇಲ್ಲೇ ಇರುವ ಇನ್ನೊಬ್ಬರು ಬೇಕು. ಅವನು ಓದಿ, ಈ ಮೂಲೆಗೆ ಯಾರು ತಾನೇ ಬರುತ್ತಾರೆ ಎಂದ. ಅವಳು ಹಾಳೆ ಕಿತ್ತುಕೊಂಡು ‘ಇನ್ನೊಬ್ಬರು ಬೇಕು’ ಎಂಬ ಸಾಲಿನ ಪಕ್ಕದಲ್ಲಿ ತನ್ನ ಹೆಸರು ಬರೆದಳು.

“ಸಹಿ ಕೆಳಗಡೆ ಅಲ್ವಾ ಹಾಕೋದು?” ಎಂದ ಅವನು.

“ಅದು ಸಹಿ ಅಲ್ಲ,” ಎಂದಳು. “ಅರ್ಜಿ.”